ಇಂಜಿನಿಗೂ ಒಂದು ಅಢಾವೆ ಪತ್ರಿಕೆ

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಒಂದು ಹಳ್ಳಿಯ ಸಹಕಾರಿ ಸಂಘ ಇಪ್ಪತ್ತೈದು ವರ್ಷ ಪೂರೈಸುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಪತ್ತಿನ ಸಂಘ ಕಟ್ಟಿದಾಗಿನಿಂದ ಎಷ್ಟೋ ಸಂಘಗಳು ಹುಟ್ಟಿದವು, ಎಷ್ಟೋ ಮುಚ್ಚಿದವು. ಉಳಿದವುಗಳ ಗುಟ್ಟು ಒಂದೇ. ಬಂದ ಹಣ ಎಷ್ಟು, ಹೋದ ಹಣ ಎಷ್ಟು, ಎಲ್ಲಿಗೆ ಹೋಯಿತು ಅಂತ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಅಢಾವೆ ಪತ್ರಿಕೆ ಇಟ್ಟವು. ನಿಮ್ಮ ಸಂಘವೂ ಅದನ್ನು ತಪ್ಪದೆ ಮಾಡುತ್ತ ಬಂದಿದೆ. ಅದಕ್ಕಾಗಿ ಮೊದಲು ಅಭಿನಂದನೆಗಳು.

ನಾವು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಜಿನು, ಪಂಪು, ಟರ್ಬೈನುಗಳ ಪಾಠ ಹೇಳುವವರು. ಸಂಘದವರು ನಮ್ಮನ್ನು ಕರೆಯುವಾಗ ಒಂದು ಪ್ರಶ್ನೆ ಕೇಳಿದ್ದರು: "ಕಾಲೇಜುಗಳಲ್ಲಿ ಇಂಜಿನಿನ ಮೇಲೆ ಸಂಶೋಧನೆ ಅಂತ ಮಾಡ್ತೀರಲ್ಲ, ಅದರಿಂದ ತೋಟದವನಿಗೆ, ಬೋಟಿನವನಿಗೆ ಏನು ಬಂತು?" ಪ್ರಶ್ನೆ ನ್ಯಾಯವಾದದ್ದೇ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯವರು 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರು. ಅಂದಿನಿಂದ ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳಿಗೆ ಈ ವಿದ್ಯೆ ಮನೆಬಾಗಿಲಿಗೆ ಬಂತು. ವಿದ್ಯೆ ಬಂತು, ಆದರೆ ಅದು ಕಾಲೇಜಿನ ಗೇಟು ದಾಟಿ ಗದ್ದೆಗೆ ಎಷ್ಟು ಇಳಿಯಿತು ಎಂಬುದನ್ನು ಕೇಳಲೇಬೇಕು.

ಸಂಶೋಧನೆ ಅಂದರೆ ಹೊಸ ಇಂಜಿನು ಕಂಡುಹಿಡಿಯುವುದು ಅಂತ ಹೆಚ್ಚಿನವರ ಎಣಿಕೆ. ಹಾಗಲ್ಲ. ನೂರರಲ್ಲಿ ತೊಂಬತ್ತು ಪಾಲು ಸಂಶೋಧನೆ ಲೆಕ್ಕ ಬರೆಯುವ ಕೆಲಸ. ಇಂಜಿನಿಗೆ ಇಷ್ಟು ಎಣ್ಣೆ ಕೊಟ್ಟೆವು, ಅದರಲ್ಲಿ ಕೆಲಸಕ್ಕೆ ಬಂದದ್ದೆಷ್ಟು, ಹೊಗೆಯಲ್ಲಿ ಹೋದದ್ದೆಷ್ಟು, ತಂಪು ಮಾಡುವ ನೀರಿನಲ್ಲಿ ಹೋದದ್ದೆಷ್ಟು? ನಮ್ಮ ಪ್ರಯೋಗಶಾಲೆಯಲ್ಲಿ ಇದಕ್ಕೆ ಶಾಖದ ಅಢಾವೆ ಪತ್ರಿಕೆ ಎಂದೇ ಹೆಸರು. ನಿಮ್ಮ ಕಾರ್ಯದರ್ಶಿಗಳು ಮಾರ್ಚ್ ತಿಂಗಳ ಕೊನೆಗೆ ಮಾಡುವುದೂ, ಪ್ರಾಧ್ಯಾಪಕರು ವರ್ಷವಿಡೀ ಮಾಡುವುದೂ ಒಂದೇ ಕೆಲಸ.

ಡೀಸೆಲ್ ಇಂಜಿನಿನ ಕಥೆಯೇ ಇದಕ್ಕೆ ಸಾಕ್ಷಿ. ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಇಂಜಿನು ಕಡಿಮೆ ಎಣ್ಣೆ ಕುಡಿಯುತ್ತದೆ ಅಂತ ಹೇಳಿಕೊಂಡರೆ ಯಾರು ನಂಬಬೇಕು? 1897ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಬಂದು, ಇಂಜಿನು ನಡೆಸಿ, ಎಣ್ಣೆ ಅಳೆದು, ಕೆಲಸ ಅಳೆದು, ನೂರಕ್ಕೆ 26 ಪಾಲು ಕೆಲಸಕ್ಕೆ ಸಿಗುತ್ತದೆ ಎಂದು ತೋರಿಸಿಕೊಟ್ಟರು. ಆ ಕಾಲದ ಉಗಿಯಂತ್ರಗಳಲ್ಲಿ ಅದರ ಅರ್ಧವೂ ಸಿಗುತ್ತಿರಲಿಲ್ಲ. ಅಳತೆಯಾದ ಮೇಲೆ ಲೋಕ ನಂಬಿತು.

ನಮ್ಮ ಕಡೆಯ ಉದಾಹರಣೆಯೂ ಉಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲು ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾಗಿದ್ದವರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು, ಪಂಪು ಮಾಡಿದರು. ಇಂದು ನಾಡಿನ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಂಶೋಧನೆಗೆ ಇಟ್ಟಿರುವುದು ಅದೇ ಹೆಸರಿನ, ಒಂದು ಸಿಲಿಂಡರಿನ, ನಿಮಿಷಕ್ಕೆ 1500 ಸುತ್ತು ತಿರುಗುವ, 7 ಎಚ್.ಪಿ. ಡೀಸೆಲ್ ಇಂಜಿನು. ಅಂದರೆ ನಿಮ್ಮ ಹಳ್ಳದ ದಂಡೆಯ ಮೇಲೆ ತಗಡಿನ ಮಾಡಿನಡಿ ಕೂತ ಇಂಜಿನಿನ ಖಾಸಾ ತಮ್ಮ. ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಅದರ ಸುತ್ತ ಅಳತೆಯ ಸಾಧನಗಳಿವೆ, ನಿಮ್ಮಲ್ಲಿ ಇಲ್ಲ.

ಈಗ ಒಂದು ಲೆಕ್ಕ ನೋಡುವ. ಸಂಘದಿಂದ ಸಾಲ ತೆಗೆದು ನೂರು ರೂಪಾಯಿಯ ಡೀಸೆಲು ಹಾಕಿದಿರಿ ಅಂತ ಇಟ್ಟುಕೊಳ್ಳಿ. ಹಳೆಯ ಸಣ್ಣ ಇಂಜಿನು ಅದರಲ್ಲಿ ಸುಮಾರು 25 ರೂಪಾಯಿಯಷ್ಟನ್ನು ಮಾತ್ರ ತಿರುಗುವ ಶಕ್ತಿಯಾಗಿ ಕೊಡುತ್ತದೆ. ಉಳಿದ 75 ಹೊಗೆಯಲ್ಲಿ, ತಂಪಿನ ನೀರಿನಲ್ಲಿ ಹೋಯಿತು. ಆ 25ರಲ್ಲಿ ಸಾಧಾರಣ ಪಂಪು ಅರ್ಧ ತಿಂದುಬಿಡುತ್ತದೆ. ಉಳಿದದ್ದು ಹನ್ನೆರಡೂವರೆ. ಪೈಪು ಸಪೂರವಾಗಿದ್ದು, ಬೆಂಡುಗಳು ನಾಲ್ಕಾರಿದ್ದು, ಫುಟ್‌ವಾಲ್ವಿನಲ್ಲಿ ಕಸ ಕಟ್ಟಿದ್ದರೆ ಅದರಲ್ಲೂ ಕಾಲು ಭಾಗದಷ್ಟು ಘರ್ಷಣೆಗೆ ಹೋಗ್ತದೆ. ಕೊನೆಗೆ ಅಡಿಕೆ ಮರದ ಬುಡಕ್ಕೆ ನೀರಾಗಿ ಮುಟ್ಟಿದ್ದು ಒಂಬತ್ತು ರೂಪಾಯಿ ಆಸುಪಾಸು. ಬಡ್ಡಿ ಕಟ್ಟುವುದು ಮಾತ್ರ ಪೂರ್ತಿ ನೂರಕ್ಕೆ!

ಈ ತೊಂಬತ್ತೊಂದನ್ನು ಪೂರ್ತಿ ಉಳಿಸಲು ಯಾವ ಪ್ರಾಧ್ಯಾಪಕನಿಂದಲೂ ಆಗುವುದಿಲ್ಲ. ಶಾಖವನ್ನೆಲ್ಲ ಕೆಲಸವಾಗಿ ತಿರುಗಿಸಲು ನಿಸರ್ಗದ ನಿಯಮವೇ ಬಿಡುವುದಿಲ್ಲ. ಆದರೆ ಒಂಬತ್ತನ್ನು ಹನ್ನೆರಡು ಮಾಡಲು ಆಗ್ತದೆ. ಅದಕ್ಕೆ ಹೊಸ ಇಂಜಿನೂ ಬೇಡ.

ಅಹಮದಾಬಾದಿನ ಸಹಕಾರಿ ನಿರ್ವಹಣಾ ಸಂಸ್ಥೆಯಲ್ಲಿ ಎಸ್.ಎಂ. ಪಟೇಲ್ ಎಂಬವರು 1980ರ ದಶಕದಲ್ಲಿ ಇದೇ ವಿಷಯದ ಮೇಲೆ ಕೆಲಸ ಮಾಡಿದರು. ರೈತರ ಪಂಪುಸೆಟ್ಟುಗಳನ್ನು ಜಾಗದಲ್ಲೇ ಪರೀಕ್ಷಿಸಿದರು. ತಿಳಿದದ್ದೇನೆಂದರೆ, ಫುಟ್‌ವಾಲ್ವು ಮತ್ತು ಪೈಪು ಎರಡನ್ನು ಸರಿಮಾಡಿದರೂ ಸಾಕು, ಇಂಧನ ಗಣನೀಯವಾಗಿ ಉಳಿಯುತ್ತದೆ. ಕಾರಣ ಸರಳ. ಅಷ್ಟೇ ನೀರು ಎರಡು ಇಂಚಿನ ಬದಲು ಎರಡೂವರೆ ಇಂಚಿನ ಪೈಪಿನಲ್ಲಿ ಹರಿದರೆ ಘರ್ಷಣೆಯ ನಷ್ಟ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಅರ್ಧ ಇಂಚಿನ ಉಳಿತಾಯ ಅಂತ ಅಂಗಡಿಯಲ್ಲಿ ಮಾಡಿದ್ದು ಹತ್ತು ವರ್ಷ ಡೀಸೆಲಿನಲ್ಲಿ ಹೋಗ್ತದೆ.

ಇನ್ನೊಂದು ಸಂಗತಿ. ಪಂಪಿನ ತಣ್ಣೀರನ್ನೇ ಕವಲು ತೆಗೆದು ನೇರ ಇಂಜಿನಿಗೆ ಬಿಡುವ ರೂಢಿ ನಮ್ಮಲ್ಲಿ ಬಹಳ. ಇಂಜಿನು ತಂಪಾಗಿದ್ದಷ್ಟು ಒಳ್ಳೆಯದು ಎಂಬ ನಂಬಿಕೆ. ಆದರೆ ಅತಿಯಾಗಿ ತಣ್ಣಗಾದ ಇಂಜಿನಿನಲ್ಲಿ ಎಣ್ಣೆ ಸರಿಯಾಗಿ ಉರಿಯುವುದಿಲ್ಲ, ಸಿಲಿಂಡರೂ ಬೇಗ ಸವೆಯುತ್ತದೆ. ಹೊರಗೆ ಬರುವ ನೀರು ಕೈಗೆ ಚೆನ್ನಾಗಿ ಬಿಸಿ ತಾಗುವಂತಿರಬೇಕು. ಕವಲಿನ ನಲ್ಲಿಯನ್ನು ಸ್ವಲ್ಪ ತಿರುವಿದರೆ ಮುಗಿಯಿತು. ಇದಕ್ಕೆ ಖರ್ಚೇ ಇಲ್ಲ.

ಪಂಪನ್ನು ಎಲ್ಲಿ ಕೂರಿಸಿದ್ದೀರಿ ಎಂಬುದೂ ಮುಖ್ಯ. ಮೇಲೆ ಕೂತ ಪಂಪು ನೀರನ್ನು ಎಳೆಯುವುದಿಲ್ಲ, ಗಾಳಿಯ ಒತ್ತಡ ಕೆಳಗಿನಿಂದ ನೀರನ್ನು ತಳ್ಳುತ್ತದೆ. ಆ ಒತ್ತಡದಿಂದ ನೀರು ಏರುವುದು ಹೆಚ್ಚೆಂದರೆ 10 ಮೀಟರ್, ರೂಢಿಯಲ್ಲಿ ಆರೇಳು ಮೀಟರ್. ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ಇಳಿದಾಗ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬರ್ತದಲ್ಲ, ಅದು ನೀರು ಒತ್ತಡವಿಲ್ಲದೆ ಗುಳ್ಳೆಯಾಗಿ ಒಡೆಯುವ ಸದ್ದು. ಆ ಗುಳ್ಳೆಗಳು ಇಂಪೆಲ್ಲರಿನ ಲೋಹವನ್ನೇ ಕಚ್ಚಿ ತೂತು ಮಾಡುತ್ತವೆ. ದೊಡ್ಡ ಟರ್ಬೈನುಗಳಲ್ಲೂ ಇದೇ ರೋಗ ಉಂಟು. ಅದರ ಮೇಲೆ ಎಷ್ಟೋ ಮಂದಿ ಡಾಕ್ಟರೇಟು ಪಡೆದಿದ್ದಾರೆ. ನಿಮಗೆ ಬೇಕಾದ ಔಷಧಿ ಒಂದೇ: ಬೇಸಿಗೆಯಲ್ಲಿ ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ.

ಟರ್ಬೈನಿನ ಮಾತು ಬಂತು. ನಮ್ಮ ಶರಾವತಿಯನ್ನೇ ನೋಡಿ. ಜೋಗದ ಹಳೆಯ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಆಯಿತು. ಅಲ್ಲಿಯ ನೀರು ಅಣೆಕಟ್ಟೆಯ ಬುಡದಲ್ಲಿ ಒಮ್ಮೆ ಟರ್ಬೈನು ತಿರುಗಿಸಿ ತಲಕಳಲೆಗೆ ಬರುತ್ತದೆ. ಅಲ್ಲಿಂದ ಕಣಿವೆಗೆ ಧುಮುಕಿ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಕೊನೆಗೆ ನಮ್ಮ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ 60 ಮೆಗಾವ್ಯಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸಿ ಸಮುದ್ರದ ದಾರಿ ಹಿಡಿಯುತ್ತದೆ. ಮೇಲಿನ ಕಣಿವೆಯಲ್ಲಿರುವುದು ಪೆಲ್ಟನ್ ಚಕ್ರ. ಬಹಳ ಎತ್ತರದಿಂದ ಬಂದ ನೀರು ಬಾಣದಂತೆ ಬಟ್ಟಲುಗಳಿಗೆ ಹೊಡೆಯುತ್ತದೆ. ಗೇರುಸೊಪ್ಪೆಯಲ್ಲಿ ಎತ್ತರ ಕಡಿಮೆ, ನೀರು ಹೆಚ್ಚು. ಅಲ್ಲಿ ಫ್ರಾನ್ಸಿಸ್ ಟರ್ಬೈನು. ನೀರು ಸುತ್ತಲಿಂದ ನುಗ್ಗಿ ನಡುವಿನಿಂದ ಇಳಿಯುತ್ತದೆ.

ನಿಮ್ಮ ಪಂಪನ್ನು ಬಿಚ್ಚಿ ನೋಡಿ. ಅದರಲ್ಲಿ ನೀರು ನಡುವಿನಿಂದ ಹೊಕ್ಕು ಸುತ್ತಲಿಗೆ ಹೊರಡುತ್ತದೆ. ಅಂದರೆ ಪಂಪು ತಿರುವುಮುರುವಾದ ಫ್ರಾನ್ಸಿಸ್ ಟರ್ಬೈನೇ. ಒಂದು ನೀರಿನಿಂದ ಶಕ್ತಿ ತೆಗೆಯುತ್ತದೆ, ಇನ್ನೊಂದು ನೀರಿಗೆ ಶಕ್ತಿ ಕೊಡುತ್ತದೆ. ದೊಡ್ಡ ಟರ್ಬೈನು ನೂರಕ್ಕೆ ತೊಂಬತ್ತು ಪಾಲು ಕೆಲಸ ಕೊಡ್ತದೆ, ನಮ್ಮ ಪಂಪು ಐವತ್ತು. ಏಕೆಂದರೆ ಟರ್ಬೈನನ್ನು ಆ ಜಾಗದ ನೀರು, ಆ ಜಾಗದ ಎತ್ತರ ಅಳೆದು ಮಾಡಿಸುತ್ತಾರೆ. ಪಂಪನ್ನು ನಾವು ಅಂಗಡಿಯಲ್ಲಿ ಎಚ್.ಪಿ. ಎಷ್ಟು ಅಂತ ಮಾತ್ರ ಕೇಳಿ ತರುತ್ತೇವೆ. ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂದು ಕೇಳುವವರು ಕಡಿಮೆ. ನದಿ ದಂಡೆಯ ತೋಟದವರು ಮೇಲಿನಿಂದ ಇಳಿದು ಕರೆಂಟು ಕೊಟ್ಟ ಅದೇ ನೀರನ್ನು ಅದೇ ಕರೆಂಟಿನಿಂದ ಮತ್ತೆ ಮೇಲೆತ್ತುತ್ತಾರೆ. ಕೊಟ್ಟದ್ದರಲ್ಲಿ ಅರ್ಧ ನಮ್ಮ ಅಂಗಳದಲ್ಲೇ ಸೋರಿಹೋಗ್ತದೆ.

ಈ ತಿಳಿವಳಿಕೆ ಇನ್ನೊಂದು ಕಾರಣಕ್ಕೂ ಬೇಕು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಹಾಕಿಕೊಂಡಿದೆ. ಒಂದೇ ಯಂತ್ರ ಒಮ್ಮೆ ಪಂಪಾಗಿ, ಒಮ್ಮೆ ಟರ್ಬೈನಾಗಿ ಕೆಲಸ ಮಾಡ್ತದೆ. ಇಂಥ ಯೋಜನೆಗಳಲ್ಲಿ ಮೇಲೆತ್ತಲು ನೂರು ಯೂನಿಟ್ಟು ಖರ್ಚಾದರೆ ಮರಳಿ ಬರುವುದು ಎಪ್ಪತ್ತೈದರಿಂದ ಎಂಬತ್ತು. ಹೆಚ್ಚುವರಿ ಕರೆಂಟು ಇರುವ ಹೊತ್ತಿನಲ್ಲಿ ಕೂಡಿಟ್ಟು, ಬೇಕಾದ ಹೊತ್ತಿನಲ್ಲಿ ಕೊಡುವ ಡಿಪಾಜಿಟ್ಟಿನ ಹಾಗೆ. ಆದರೆ ಬಡ್ಡಿ ಸಿಗುವುದಿಲ್ಲ, ಕಡಿತವೇ. ಸೂರ್ಯಶಕ್ತಿ, ಗಾಳಿಶಕ್ತಿ ಹೆಚ್ಚಿದ ಕಾಲಕ್ಕೆ ಇಂಥ ಸಂಗ್ರಹ ಬೇಕು ಎನ್ನುವವರಿದ್ದಾರೆ. ಕಾಡು, ಸಿಂಗಳೀಕ, ಗುಡ್ಡಕುಸಿತ, ಕೆಳಗಿನ ಅಳಿವೆಯ ಗತಿಯೇನು ಎಂದು ಕೇಳುವವರಿದ್ದಾರೆ. ತೀರ್ಮಾನ ಹೇಳಲು ನಾವು ಇಲ್ಲಿ ನಿಂತಿಲ್ಲ. ಆದರೆ ನದಿಯ ದಂಡೆಯಲ್ಲಿ ಬದುಕುವವರು ಸಭೆಗೆ ಹೋಗಿ ಪ್ರಶ್ನೆ ಕೇಳಬೇಕಾದರೆ ಯಂತ್ರದ ಜಮೆ-ಖರ್ಚು ಗೊತ್ತಿರಬೇಕು. ಗೊತ್ತಿಲ್ಲದವನ ಮಾತನ್ನು ಯಾವ ಆಫೀಸರೂ ಬರೆದುಕೊಳ್ಳುವುದಿಲ್ಲ.

ಇನ್ನು ಮೀನುಗಾರ ಬಂಧುಗಳ ವಿಷಯ. ಭಟ್ಕಳ, ಕಾಸರಕೋಡು, ತದಡಿ ಬಂದರುಗಳಿಂದ ಹೊರಡುವ ಬೋಟುಗಳಿಗೆ ದೊಡ್ಡ ಖರ್ಚು ಡೀಸೆಲಿನದೇ. ಬೋಟಿನ ಫ್ಯಾನು ಕೂಡ ಪಂಪಿನ ಜಾತಿಯದ್ದೇ, ನೀರನ್ನು ಹಿಂದಕ್ಕೆ ನೂಕಿ ಬೋಟನ್ನು ಮುಂದಕ್ಕೆ ಒಯ್ಯುತ್ತದೆ. ಇದರ ನಿಯಮ ಬಹಳ ಕಟ್ಟುನಿಟ್ಟು. ವೇಗ ಸ್ವಲ್ಪ ಹೆಚ್ಚಿಸಿದರೆ ಬೇಕಾಗುವ ಶಕ್ತಿ ಅದರ ಘನದ ಪ್ರಮಾಣದಲ್ಲಿ ಏರುತ್ತದೆ. ತಿರುಗಿಸಿ ಹೇಳುವುದಾದರೆ, ಬಂದರಿಗೆ ಮರಳುವಾಗ ವೇಗವನ್ನು ಹತ್ತನೇ ಒಂದು ಪಾಲು ತಗ್ಗಿಸಿದರೆ ಇಂಜಿನಿನ ಮೇಲಿನ ಹೊರೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ದಾರಿ ತುಸು ಹೆಚ್ಚು ಹೊತ್ತು ಹಿಡಿದರೂ, ಒಟ್ಟು ಡೀಸೆಲಿನಲ್ಲಿ ಐದನೇ ಒಂದರ ಹತ್ತಿರ ಉಳಿಯುತ್ತದೆ. ಒಂಬತ್ತು ತಾಸಿನ ದಾರಿ ಹತ್ತು ತಾಸಾಗ್ತದೆ, ಅಷ್ಟೇ. ದರ ಸಿಗುವ ದಿನ ಓಡಿಸಿ ಬನ್ನಿ, ಬೇಡ ಎನ್ನುವುದಿಲ್ಲ. ದಿನಾಲೂ ಓಡಿಸುವುದಕ್ಕೆ ಅರ್ಥವಿಲ್ಲ. ಜೂನ್-ಜುಲೈ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬೋಟಿನ ತಳದ ಚಿಪ್ಪು, ಪಾಚಿ ಕೆರೆದು, ಫ್ಯಾನಿನ ಎಲೆ ಸೊಟ್ಟಗಾಗಿದ್ದರೆ ಸರಿಮಾಡಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಲಾರಿಗಳ ಹಿಂದೆ ಟರ್ಬೊ ಅಂತ ಬರೆದಿರುವುದನ್ನು ಹೈವೇಯಲ್ಲಿ ಎಲ್ಲರೂ ಓದಿದ್ದೀರಿ. ಹೊಗೆಯಲ್ಲಿ ಸುಮ್ಮನೆ ಹೋಗುವ ಶಕ್ತಿಯಿಂದ ಒಂದು ಪುಟ್ಟ ಟರ್ಬೈನು ತಿರುಗಿಸಿ, ಅದರಿಂದ ಇಂಜಿನಿಗೆ ಹೆಚ್ಚು ಗಾಳಿ ತುಂಬುವ ಉಪಾಯ ಅದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದದ್ದು. ನಷ್ಟ ಎಲ್ಲಿ ಎಂದು ಲೆಕ್ಕ ಬರೆದವನಿಗೇ ಈ ಉಪಾಯ ಹೊಳೆಯಿತು.

ಎಣ್ಣೆಯ ಬಗ್ಗೆ ಎರಡು ಮಾತು. 1900ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ನಮ್ಮ ಕರಾವಳಿಯ ಹೊನ್ನೆ ಮರದ ಬೀಜದ ಎಣ್ಣೆಯಲ್ಲಿ ಅಜ್ಜಂದಿರು ದೀಪ ಉರಿಸಿದ್ದು ನೆನಪಿರಬಹುದು. ಅದೇ ಹೊನ್ನೆ ಎಣ್ಣೆಯ ಮೇಲೆ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ವೆಂಕಣ್ಣ ಮತ್ತು ವೆಂಕಟರಮಣ ರೆಡ್ಡಿಯವರು, ಹೊಂಗೆ ಎಣ್ಣೆಯ ಮೇಲೆ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನ ಬನಪುರಮಠ ಮತ್ತು ತೆವಾರಿಯವರು ಕೆಲಸ ಮಾಡಿ, 2008-09ರ ಹೊತ್ತಿಗೆ ದೊಡ್ಡ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಅವರಿಗೂ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಹಳ್ಳಿಯ ಇಂಜಿನುಗಳನ್ನು ನಡೆಸಿ ತೋರಿಸಿದ್ದರು.

ಈ ಕೆಲಸಗಳಿಂದ ತಿಳಿಯುವುದೇನು? ಹಸಿ ಎಣ್ಣೆ ಮಂದ. ಇಂಜಿನಿನ ನಾಜಲಿನಲ್ಲಿ ಸರಿಯಾಗಿ ಸಿಂಪರಣೆಯಾಗದೆ ಮಸಿ ಕಟ್ಟುತ್ತದೆ. ಅದನ್ನು ಸಂಸ್ಕರಿಸಿ ಬಯೋಡೀಸೆಲ್ ಮಾಡಿದರೆ ಡೀಸೆಲಿಗಿಂತ ತುಸುವೇ ಕಡಿಮೆ ಕೆಲಸ ಕೊಡುತ್ತದೆ. ಹೊನ್ನೆ ಎಣ್ಣೆಯಲ್ಲಿ ಆಮ್ಲ ಹೆಚ್ಚಾದ್ದರಿಂದ ಮೂರು ಹಂತದ ಸಂಸ್ಕರಣೆ ಬೇಕು. ಅದಕ್ಕೆ ಬಳಸುವ ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ಮನೆಯ ಹಿತ್ತಲಲ್ಲಿ ಮಾಡುವ ಕೆಲಸ ಇದಲ್ಲ. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೂ ತಂದಿತು. ಆದರೆ ಬೀಜ ಹೆಕ್ಕುವ ಕೂಲಿ, ಒಣಗಿಸಿ ಸಾಗಿಸುವ ಖರ್ಚು ಸೇರಿಸಿದರೆ ಲೆಕ್ಕ ಸುಲಭಕ್ಕೆ ಕೂಡಿಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ಇಂಜಿನು ಓಡುವುದು ಬೇರೆ, ಊರಿನಲ್ಲಿ ಲೆಕ್ಕ ಕೂಡುವುದು ಬೇರೆ. ಎರಡನ್ನೂ ಹೇಳುವುದೇ ಪ್ರಾಮಾಣಿಕತೆ.

ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ವಿಜ್ಞಾನ ಸಂಸ್ಥೆಯ ಆಸ್ತ್ರ ತಂಡದವರು ಗೋಬರ್ ಗ್ಯಾಸನ್ನು ಡೀಸೆಲ್ ಇಂಜಿನಿಗೆ ಬೆರೆಸಿ, ಮನೆಗಳಿಗೆ ದೀಪ, ಬೀದಿಗೆ ನಲ್ಲಿನೀರು ಕೊಟ್ಟರು. ಅಲ್ಲಿ ಯಂತ್ರದಷ್ಟೇ ಮುಖ್ಯವಾದದ್ದು ಊರಿನವರ ಸಭೆ. ಸಗಣಿಯ ತೂಕ ಬರೆಯುವವರು, ಹಣ ವಸೂಲಿ ಮಾಡುವವರು, ಇಂಜಿನು ನೋಡಿಕೊಳ್ಳುವವರು ಊರಿನವರೇ. ಯಂತ್ರವನ್ನು ಊರಿಗೆ ತರುವುದು ಸುಲಭ. ಅದರ ಲೆಕ್ಕ ಇಡುವ ಸಂಸ್ಥೆ ಊರಿನಲ್ಲಿ ಮೊದಲೇ ಇರಬೇಕು. ಅದು ನಿಮ್ಮಲ್ಲಿ ಉಂಟು.

ಹಾಗಾಗಿ ಸಂಘದ ಮುಂದೆ ಮೂರು ಸೂಚನೆ ಇಡುತ್ತೇವೆ.

ಒಂದು, ಪ್ರತಿ ಪಂಪುಸೆಟ್ಟಿಗೂ ಒಂದು ಪುಸ್ತಕ. ಎಷ್ಟು ತಾಸು ಓಡಿತು, ಎಷ್ಟು ಎಣ್ಣೆ ಕುಡಿಯಿತು ಎಂದು ಬರೆಯಿರಿ. ವರ್ಷಕ್ಕೆರಡು ಸಲ 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ನೋಡಿ. 40 ಸೆಕೆಂಡು ಹಿಡಿದರೆ ತಾಸಿಗೆ 18,000 ಲೀಟರು. ಒಂದು ಲೀಟರ್ ಡೀಸೆಲಿನಲ್ಲಿ ಇರುವ ಪೂರ್ತಿ ಶಕ್ತಿಗೆ 10 ಮೀಟರ್ ಎತ್ತರಕ್ಕೆ ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಏರಬೇಕು. ಅಷ್ಟೇ ಎತ್ತರಕ್ಕೆ ನಿಮ್ಮದು ಲೀಟರಿಗೆ 18,000 ಎತ್ತಿದರೆ ನೂರಕ್ಕೆ ಐದು ಪಾಲಾಯಿತು. ಒಂಬತ್ತು ಬರಬೇಕಾದಲ್ಲಿ ಐದು ಬಂದರೆ ಸೋರಿಕೆ ಎಲ್ಲೋ ಉಂಟು. ಹುಡುಕಿ.

ಎರಡು, ಹೊಸ ಪಂಪಿಗೆ ಸಾಲ ಕೊಡುವ ಹಾಗೆ ದುರಸ್ತಿಗೂ ಸಣ್ಣ ಸಾಲ ಕೊಡಿ. ಫುಟ್‌ವಾಲ್ವು, ದಪ್ಪ ಪೈಪು, ನಾಜಲು ಇವಕ್ಕೆ ಹಣವಿಲ್ಲದೆ ಹಳೆಯದನ್ನೇ ತಳ್ಳುವವರು ಬಹಳ. ಆ ಸಾಲ ಡೀಸೆಲಿನ ಉಳಿತಾಯದಲ್ಲೇ ತೀರುತ್ತದೆ. ವಸೂಲಿಗೆ ತೊಂದರೆಯಿಲ್ಲ.

ಮೂರು, ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟು ಮಾಡಲೇಬೇಕು. ಅವರನ್ನು ಕರೆಯಿರಿ. ಅವರಲ್ಲಿ ಎಷ್ಟೋ ಮಂದಿ ನಿಮ್ಮ ಮನೆಯ ಮಕ್ಕಳೇ. ನಾಳೆ ಬೆಂಗಳೂರಿಗೋ ಗಲ್ಫಿಗೋ ಹೋಗುವವರು ಒಂದು ವರ್ಷ ಊರಿನ ಇಂಜಿನುಗಳನ್ನು ಅಳೆದು ಹೋಗಲಿ.

ಕರೆಂಟಿನ ಪಂಪಿನವರು, "ನಮಗೆ ಹತ್ತು ಎಚ್.ಪಿ.ವರೆಗೆ 2008ರಿಂದ ಬಿಲ್ಲೇ ಇಲ್ಲ, ನಮಗೇಕೆ ಇದು?" ಅನ್ನಬಹುದು. ಬಿಲ್ಲು ಇಲ್ಲ, ಆದರೆ ತ್ರೀಫೇಸು ದಿನವಿಡೀ ಇರುವುದಿಲ್ಲ. ಇದ್ದಷ್ಟು ಹೊತ್ತಿನಲ್ಲಿ ತೋಟ ಪೂರ್ತಿ ನೆನೆಯುವುದೋ ಅರ್ಧ ನೆನೆಯುವುದೋ ಎಂಬುದು ಪಂಪಿನ ಗುಣದ ಮೇಲೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಂಪು ಸುಧಾರಿಸಿತು ಅಂತ ಹೆಚ್ಚು ಹೊತ್ತು ಓಡಿಸಬೇಡಿ. ಕಡಲ ಬದಿಯ ಈರುಳ್ಳಿ ಗದ್ದೆ, ಮಲ್ಲಿಗೆ ತೋಟದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಅತಿಯಾಗಿ ಎತ್ತಿದರೆ ಉಪ್ಪು ಮೇಲೆ ಬರ್ತದೆ. ಒಮ್ಮೆ ಉಪ್ಪಾದ ಬಾವಿಯನ್ನು ಸಿಹಿ ಮಾಡುವ ಇಂಜಿನನ್ನು ಯಾರೂ ಕಂಡುಹಿಡಿದಿಲ್ಲ.

ಮುಂದಿನ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಸಂಘದ ಅಢಾವೆ ಪತ್ರಿಕೆಯ ಜೊತೆಗೆ ಊರಿನ ಹತ್ತು ಪಂಪುಸೆಟ್ಟುಗಳ ಅಢಾವೆ ಪತ್ರಿಕೆಯನ್ನೂ ಓದುವಂತಾಗಲಿ. ಅದನ್ನು ತಯಾರಿಸುವ ಕೆಲಸಕ್ಕೆ ನಾವೂ ಬರುತ್ತೇವೆ. ಸಂಘ ಸುವರ್ಣ ಮಹೋತ್ಸವ ಕಾಣಲಿ.